ಕುಂಬಳದ ಬಳ್ಳಿಯೂ ಗೇಣಿಯ ಒಕ್ಕಲೂ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಕಟ್ಟಡ, ಗಂಟೆಗೋಪುರ, ಸೇವೆ ಸಲ್ಲಿಸಿದ ಧರ್ಮಗುರುಗಳು, ಉದಾರ ದಾನಿಗಳು, ಇವರ ವೃತ್ತಾಂತ ಬರುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ವರ್ಷವರ್ಷವೂ ತಪ್ಪದೆ ವಂತಿಗೆ ಸಲ್ಲಿಸಿದ ಸಾಮಾನ್ಯ ಕುಟುಂಬಗಳು ಆ ನಾಲ್ಕು ಕಾಸನ್ನು ಎಲ್ಲಿಂದ ಕಂಡವು ಎಂಬುದನ್ನು ಬರೆದಿಡುವವರು ವಿರಳ. ಭತ್ತದಿಂದ ಎಂದು ಸುಲಭವಾಗಿ ಉತ್ತರಿಸಬಹುದು. ಆದರೆ ಭತ್ತದ ಹೆಚ್ಚಿನ ಪಾಲು ಗೇಣಿಯಾಗಿ ಧಣಿಗಳ ಅಂಗಳಕ್ಕೆ ಅಳೆದುಹೋಗುತ್ತಿದ್ದ ಕಾಲದಲ್ಲಿ ಒಕ್ಕಲಮನೆಯ ಕೈಗೆ ನಗದಾಗಿ ಬಂದುದು ತರಕಾರಿಯ ಹಣ. ಅದರಲ್ಲಿಯೂ ಕುಂಬಳದ ಬಳ್ಳಿಗೆ ವಿಶೇಷ ಸ್ಥಾನವಿತ್ತೆಂದು ನನ್ನ ಅಭಿಪ್ರಾಯ. ಅದರ ಚರಿತ್ರೆಯನ್ನು ಇಲ್ಲಿ ಕೊಂಚ ಬಿಡಿಸಿ ಹೇಳಲು ಉದ್ದೇಶಿಸಿದ್ದೇನೆ.

ಕುಂಬಳವೆಂದರೆ ನಮ್ಮಲ್ಲಿ ಎರಡು. ಮೈಗೆಲ್ಲ ಬೂದಿ ಬಳಿದಂತಿರುವ ಬೂದುಗುಂಬಳ ಏಷ್ಯಾ ಖಂಡದ್ದೇ. ಸಂಸ್ಕೃತದಲ್ಲಿ ಕೂಷ್ಮಾಂಡವೆಂದು ಕರೆದುದು ಇದನ್ನೇ. ಸಿಹಿಗುಂಬಳವಾದರೋ ಅಮೆರಿಕ ಖಂಡದ ಸಂತಾನ. ಮೆಕ್ಸಿಕೋ ದೇಶದ ವಾಹಾಕಾ ಪ್ರಾಂತ್ಯದ ಗಿಲಾ ನಾಕಿಟ್ಸ್ ಎಂಬ ಗುಹೆಯಲ್ಲಿ ದೊರೆತ, ಮನುಷ್ಯರು ಕೃಷಿಮಾಡಿ ಬೆಳೆದ ಕುಂಬಳಜಾತಿಯ ಬೀಜಗಳು ಸುಮಾರು 10,000 ವರ್ಷಗಳಷ್ಟು ಪ್ರಾಚೀನವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. 1492ರಲ್ಲಿ ಕೊಲಂಬಸನು ಆ ಖಂಡದ ದಾರಿ ಕಾಣುವ ತನಕ ಯುರೋಪಿನ ಅಡುಗೆಮನೆಗಾಗಲಿ ನಮ್ಮ ಅಡುಗೆಮನೆಗಾಗಲಿ ಇದರ ಪರಿಚಯವಿರಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನು ಮಲಬಾರ್ ಕರಾವಳಿಯನ್ನು ಮುಟ್ಟಿ, 1510ರಲ್ಲಿ ಗೋವೆಯು ಪೋರ್ಚುಗೀಸರ ಕೈಸೇರಿದ ತರುವಾಯ ತೆರೆದ ಸಮುದ್ರಮಾರ್ಗದಲ್ಲಿ ಅನಾನಸು, ಗೇರು, ಪಪ್ಪಾಯಿ, ಮೆಣಸಿನಕಾಯಿಗಳು ಈ ಕಡೆಗೆ ಬಂದವು. ಸಿಹಿಗುಂಬಳವೂ ಇದೇ ಬಳಗದ್ದು.

ಒಂದು ಕುತೂಹಲದ ಸಂಗತಿಯೆಂದರೆ, ಅನಾನಸು, ಪಪ್ಪಾಯಿ, ಬಟಾಟೆಗಳು ತಮ್ಮ ಹೆಸರನ್ನು ಹೊತ್ತುಕೊಂಡೇ ಬಂದವು. ಕುಂಬಳ ಮಾತ್ರ ಬರಿಗೈಯಲ್ಲಿ ಬಂದಿತು. ಪೋರ್ಚುಗೀಸ್ ಭಾಷೆಯ ‘ಅಬೊಬೊರಾ’ ಎಂಬ ಶಬ್ದ ನಮ್ಮ ಯಾವ ಮನೆಯಲ್ಲಿಯೂ ಉಳಿಯಲಿಲ್ಲ. ಕನ್ನಡವು ಹಳೆಯ ಕುಂಬಳಕ್ಕೆ ‘ಸಿಹಿ’ಯನ್ನು ಸೇರಿಸಿ ಹೊಸಬನನ್ನು ನೆಂಟನನ್ನಾಗಿ ಮಾಡಿಕೊಂಡಿತು. ತುಳುವರು ಕೆಂಬುಡೆಯೆಂದರು, ಕೊಂಕಣಿಗರು ದುದಿಯೆಂದರು. ನಮ್ಮ ಜಿಲ್ಲೆಯ ಕನ್ನಡದಲ್ಲಿ ಚೀನಿಕಾಯಿಯೆಂಬ ಹೆಸರೂ ಇದೆ. ಚೀನದಿಂದ ಬಂದುದೆಂದಾಗಲಿ ಸಕ್ಕರೆಯಂತೆ ಸಿಹಿಯೆಂದಾಗಲಿ ಹೇಗೆ ಅರ್ಥಮಾಡಿದರೂ ಅಮೆರಿಕದ ಸುಳಿವು ಅದರಲ್ಲಿಲ್ಲ. ಇಷ್ಟು ಬೇಗ ಮನೆಯವನಾದ ಪರದೇಶಿ ಇನ್ನೊಬ್ಬನಿಲ್ಲ!

ಇನ್ನು ಅದನ್ನು ಬೆಳೆದವರ ವಿಚಾರ. ನಮ್ಮ ಹಿರಿಯರು ಗೋವೆಯಿಂದ ತಂಡತಂಡವಾಗಿ ಈ ನಾಡಿಗೆ ಬಂದು, ಕೆಳದಿಯ ಅರಸರ ಕಾಲದಲ್ಲಿ ಕೃಷಿಕರಾಗಿ ನೆಲೆನಿಂತರೆಂಬುದು ವಾಚಕರಿಗೆ ತಿಳಿದ ವಿಷಯ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದವರಲ್ಲಿ ಅಳಿದುಳಿದವರು 1799ರಲ್ಲಿ ಆ ಕೋಟೆ ಬಿದ್ದ ಮೇಲೆ ಹಿಂದಿರುಗಿದರು. ಹಿಂದಿರುಗಿದವರೆಲ್ಲರಿಗೂ ಭೂಮಿ ಹಿಂದಿರುಗಲಿಲ್ಲ. ಅನೇಕರು ಅನ್ಯರ ಗದ್ದೆಯಲ್ಲಿ ಒಕ್ಕಲಾಗಿ ಬಾಳನ್ನು ಮರಳಿ ಆರಂಭಿಸಬೇಕಾಯಿತು.

ಒಕ್ಕಲುತನದಲ್ಲಿ ಎರಡು ತರ. ಮೂಲಗೇಣಿಯವನಿಗೆ ನಿಶ್ಚಿತ ಗೇಣಿ, ಶಾಶ್ವತ ಹಕ್ಕು. ಚಾಲಗೇಣಿಯವನ ಹಕ್ಕಾದರೋ ವರ್ಷದಿಂದ ವರ್ಷಕ್ಕೆ, ಧಣಿಯ ಮನಸ್ಸಿದ್ದಷ್ಟು ಕಾಲ. ಮುಂದಿನ ಮಳೆಗಾಲಕ್ಕೆ ಈ ಮನೆಯಲ್ಲಿ ಇರುತ್ತೇನೋ ಇಲ್ಲವೋ ಎಂದರಿಯದವನು ತೆಂಗಿನ ಸಸಿಯನ್ನು ಯಾವ ಧೈರ್ಯದಿಂದ ನೆಟ್ಟಾನು? ತೆಂಗು ಫಲ ಕೊಡಲು ವರ್ಷಗಳು ಬೇಕು. ಕುಂಬಳಕ್ಕೆ ಮೂರು ನಾಲ್ಕು ತಿಂಗಳು ಸಾಕು. ಬೀಜಕ್ಕೆ ಖರ್ಚಿಲ್ಲ, ನೆಲಕ್ಕೆ ಬೇಲಿಯಂಚು ಸಾಕು, ಗೊಬ್ಬರ ಹಟ್ಟಿಯದು. ಆದುದರಿಂದ ನೆಲದ ಮೇಲೆ ಹಕ್ಕಿಲ್ಲದವನ ಬೆಳೆ ಬಳ್ಳಿಯಾಯಿತು.

ಬೇಸಾಯದ ಕ್ರಮವನ್ನು ಇಂದಿನ ತರುಣರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ವರ್ಗ. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನೂ ಈ ವಿಂಗಡಣೆಯನ್ನು ಗುರುತಿಸಿದ್ದಾನೆ. ಪತ್ತನಾಜೆ ಕಳೆದು ಮೊದಲ ಮಳೆ ಬೀಳುತ್ತಲೇ ಬೆಟ್ಟುಗದ್ದೆಯ ಅಂಚಿನಲ್ಲಿಯೋ ಮನೆಯ ಹಿತ್ತಿಲಲ್ಲಿಯೋ ಗುಳಿ ತೋಡಿ, ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ತುಂಬಿ ಬೀಜ ಊರುತ್ತಿದ್ದರು. ಏಣಿಲು ಬೆಳೆಯ ಕೊಯಿಲಾದ ಮೇಲೆ ನೀರಿನ ಆಸರೆಯಿದ್ದ ಮಜಲುಗದ್ದೆಯಲ್ಲಿ ಎರಡನೆಯ ಸಲ ಸಾಲುಗುಳಿಗಳಲ್ಲಿ ಹಾಕುತ್ತಿದ್ದರು. ಕೆರೆಯಿಂದ ಏತದಲ್ಲಿ ನೀರೆತ್ತಿ, ಕೊಡದಲ್ಲಿ ಹೊತ್ತು ಬುಡಬುಡಕ್ಕೆ ಹೊಯ್ಯುವ ಕೆಲಸ ಮನೆಯ ಮಕ್ಕಳ ಪಾಲಿಗೆ. ಬಳ್ಳಿಯಲ್ಲಿ ಮೊದಲು ಬರುವುದು ಬಹುತೇಕ ಗಂಡುಹೂವು. ಅದು ಉದುರಿತೆಂದು ಹೊಸಬರು ಕಂಗೆಡುವುದುಂಟು. ತೊಟ್ಟಿನ ಬಳಿ ಪುಟ್ಟ ಕಾಯಿಯನ್ನು ಹೊತ್ತ ಹೆಣ್ಣುಹೂವು ತಡವಾಗಿ ಬರುತ್ತದೆ, ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಆಷಾಢದ ಮಳೆ ಬಿಡುವಿಲ್ಲದೆ ಸುರಿದು ಜೇನುನೊಣ ಹೊರಡದಿದ್ದರೆ ಕಾಯಿ ಕಚ್ಚುವುದಿಲ್ಲ. ಬಲ್ಲವರು ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ತಾವೇ ಸೋಂಕಿಸುತ್ತಾರೆ. ಕಾಯಿಯ ಬಳಿಯ ಕುಡಿ ಒಣಗಿ, ಸಿಪ್ಪೆ ಉಗುರಿಗೆ ಮಣಿಯದಿದ್ದಾಗ ಅದು ಬಲಿತಂತೆ. ತೊಟ್ಟು ಬಿಟ್ಟು ಕೊಯ್ದರೆ ಕೊಳೆಯುತ್ತದೆ. ತೊಟ್ಟು ಸಹಿತ ಕೊಯ್ಯಬೇಕು.

ಒಕ್ಕಲಿನ ಪಾಲಿಗೆ ಕುಂಬಳದ ನಿಜವಾದ ಬಲವಿದ್ದುದು ಕೊಯಿಲಿನ ನಂತರ. ಬೆಂಡೆ, ಬದನೆ, ಹೀರೆಗಳನ್ನು ಕೊಯ್ದವನು ಅಂದೇ ಮಾರಬೇಕು. ಹೊತ್ತು ಇಳಿದಂತೆ ಬೆಲೆಯೂ ಇಳಿಯುವುದನ್ನು ವ್ಯಾಪಾರಿ ಬಲ್ಲ. ಬಲಿತ ಕುಂಬಳ ಕಾಯಬಲ್ಲುದು. ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಪಕಾಸಿಗೆ ತೂಗುಹಾಕಿದರೆ ಹೊಗೆಯ ಗಾಳಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಈ ವಾರದ ಸಂತೆಯಲ್ಲಿ ಬೆಲೆ ಒಗ್ಗದಿದ್ದರೆ ಮುಂದಿನ ವಾರ ನೋಡೋಣವೆನ್ನುವ ಸ್ವಾತಂತ್ರ್ಯವನ್ನು ಆ ಬಡವನಿಗೆ ಬೇರೆ ಯಾವ ಬೆಳೆಯೂ ಕೊಟ್ಟಿರಲಾರದು.

ಹಾಗೆಂದು ವ್ಯಾಪಾರಿಗೆ ಉಪಾಯವಿಲ್ಲದಿರಲಿಲ್ಲ. ಕುಂಬಳವನ್ನು ತೂಗಿ ಕೊಳ್ಳುವ ಬದಲು ಎಣಿಸಿ, ಗುಡ್ಡೆಯೊಂದಕ್ಕೆ ಇಷ್ಟೆಂದು ಕೊಳ್ಳುತ್ತಿದ್ದರು. ದೊಡ್ಡ ಕಾಯಿ ಬೆಳೆದವನಿಗೆ ಅದರಲ್ಲಿ ನಷ್ಟವೇ. ಅದೇ ಕಾಯಿ ಪೇಟೆಯಲ್ಲಿ ಹೋಳುಹೋಳಾಗಿ, ರಾತಲಿನ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ವ್ಯಾಪಾರಿಯ ಪರವಾಗಿಯೂ ಒಂದು ಮಾತು ಹೇಳಬೇಕು: ಕೊಯ್ದ ಕುಂಬಳ ಅಂದೇ ಹೋಗದಿದ್ದರೆ ತಿಪ್ಪೆಗೇ. ಆ ಗಂಡಾಂತರ ಅವನದಾಗಿತ್ತು. ತಲೆಯ ಮೇಲೆ ಸಿಂಬೆಯಿಟ್ಟು ಕುಕ್ಕೆ ಹೊತ್ತು, ಕಡವು ದಾಟಿ ಸಂತೆಗೆ ನಡೆಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಕುಕ್ಕೆಯಲ್ಲಿ ನಾಲ್ಕೈದು ಕಾಯಿಗಿಂತ ಹಿಡಿಯದು. ಹೊತ್ತುದನ್ನು ಮರಳಿ ಹೊರಲಾರದೆ ಬಂದ ಬೆಲೆಗೆ ಬಿಟ್ಟುಬಂದ ದಿನಗಳು ಎಷ್ಟೋ.

ವರ್ಷಕ್ಕೊಮ್ಮೆ ಮಾತ್ರ ಬೆಲೆ ಬೆಳೆಗಾರನ ಕಡೆಗೆ ವಾಲುತ್ತಿತ್ತು. ಫರಂಗಿಪೇಟೆಯ ಮೊಂತಿಮಾರಿಯಾನೊದಲ್ಲಿ 1763ರಲ್ಲಿ ವಂದನೀಯ ಜೋಕಿಂ ಮಿರಾಂದಾರವರು ಆರಂಭಿಸಿದರೆನ್ನಲಾದ ಮೊಂತಿ ಹಬ್ಬ, ಸಪ್ಟೆಂಬರ 8ರ ತೆನೆಹಬ್ಬವಾಗಿ ನಮ್ಮಲ್ಲಿ ಬೇರೂರಿದೆ. ಅಂದು ಮೀನುಮಾಂಸವಿಲ್ಲ, ಹೊಸಕ್ಕಿಯೊಡನೆ ಮೂರೋ ಐದೋ ಏಳೋ, ಬೆಸಸಂಖ್ಯೆಯ ತರಕಾರಿಗಳ ಊಟ. ಪತ್ತನಾಜೆಯ ಬಳ್ಳಿ ಕಾಯಿಬಿಡುವುದು ಸರಿಯಾಗಿ ಆ ಹೊತ್ತಿಗೆ. ಮೊದಲ ಕಾಯಿಯನ್ನು ಇಗರ್ಜಿಗೆ ಒಪ್ಪಿಸಿ, ಪೂಜೆಯ ಬಳಿಕ ಅಂಗಳದಲ್ಲಿ ಅದನ್ನು ಏಲಂ ಹಾಕುವ ರೂಢಿಯೂ ಇದೆ. ಸಂತೆಯ ಕ್ರಯಕ್ಕಿಂತ ಹೆಚ್ಚಿಗೆ ಕೂಗುವುದೇ ಅಲ್ಲಿ ಗೌರವ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಇದೆಲ್ಲವನ್ನೂ ತಲೆಕೆಳಗು ಮಾಡಿತು. ಏಳನೆಯ ನಂಬ್ರದ ಫಾರಮು ತುಂಬಿದ ಚಾಲಗೇಣಿಯ ಒಕ್ಕಲು ಭೂನ್ಯಾಯಮಂಡಳಿಯ ತೀರ್ಪಿನಿಂದ ಉಳುವ ನೆಲದ ಒಡೆಯನಾದನು. ಒಡೆಯನಾದವನು ಮೊತ್ತಮೊದಲು ಮಾಡಿದುದೇನು? ತನ್ನ ಹಿರಿಯರಿಗೆ ಸಾಧ್ಯವಾಗದಿದ್ದುದನ್ನು: ಮರ ನೆಟ್ಟನು. ಮಜಲುಗದ್ದೆಗಳು ಅಡಿಕೆತೋಟ, ತೆಂಗಿನತೋಟಗಳಾದವು. ನೆರಳು ಬಿದ್ದಲ್ಲಿ ಕುಂಬಳ ಹಬ್ಬಲಾರದು. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಮಕ್ಕಳು ಹೋದ ಮೇಲೆ ಕೊಡ ಹೊರುವ ಕೈಗಳೂ ಇಲ್ಲವಾದವು. ನ್ಯಾಯ ದೊರೆತುದರ ಬಗ್ಗೆ ಯಾರೂ ಮರುಗಬೇಕಾಗಿಲ್ಲ. ಆದರೆ ಹಕ್ಕಿಲ್ಲದ ಕಾಲದಲ್ಲಿ ಕೈಹಿಡಿದ ಬಳ್ಳಿ, ಹಕ್ಕು ಬಂದ ಮೇಲೆ ಅಂಗಳದಿಂದ ಇಳಿದುಹೋದುದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಹಬ್ಬದ ವಾರದಲ್ಲಿ ಈಗ ನಾವು ಕೊಳ್ಳುವ ತರಕಾರಿಯ ದೊಡ್ಡ ಪಾಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುತ್ತದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ‘ಅರ್ಕಾ ಸೂರ್ಯಮುಖಿ’ ಎಂಬ ತಳಿಯ ಕಾಯಿ ಒಂದು ಕಿಲೋದಷ್ಟೇ ತೂಗುತ್ತದೆ. ಸಣ್ಣ ಸಂಸಾರದವರು ಹೋಳು ಮಾಡಿಸದೆ ಇಡಿಯಾಗಿ ಕೊಳ್ಳಬಹುದು. ಹಳೆಯ ವ್ಯಾಪಾರಿಯ ಗಂಡಾಂತರ ಅಷ್ಟರಮಟ್ಟಿಗೆ ತಪ್ಪಿತು. ನಮ್ಮ ವಠಾರದ ಕೆಲವು ಮನೆಗಳಲ್ಲಿ ಬೀಜಕ್ಕೆ ಬೂದಿ ಸವರಿ ಒಣಗಿಸಿ ತೆಗೆದಿಡುವವರು ಈಗಲೂ ಇದ್ದಾರೆ. ಟೆರೇಸಿನ ಮೇಲೆ ಗೋಣಿಚೀಲದಲ್ಲಿ ಬಳ್ಳಿ ಹಬ್ಬಿಸುವವರೂ ಇದ್ದಾರೆ. ಕಾಯಿಯನ್ನು ತೂಗುಹಾಕಲು ಮಾತ್ರ ಕಾಂಕ್ರೀಟಿನ ಮಾಡಿನಲ್ಲಿ ಪಕಾಸಿಲ್ಲ.