ತಿಪ್ಪೆಯ ಕಾವು, ಮೈಯ ಕಾವು

ಹಿತ್ತಿಲಿನ ತಿಪ್ಪೆಗೂ ಒಂದು ಇತಿಹಾಸವಿದೆ ಎಂದರೆ ಹಲವರು ನಗಬಹುದು. ಬಸದಿಗೂ ಕೆರೆಗೂ ಶಾಸನ ಕೆತ್ತಿಸಿದ ನಾಡಿನಲ್ಲಿ ಕಸದ ಗುಂಡಿಗೆ ಯಾರೂ ಶಾಸನ ಕೆತ್ತಿಸಲಿಲ್ಲ. ಆದರೆ ಇಂದು ಮಹಡಿಯ ಮೇಲೆ ನಾಲ್ಕು ಕುಂಡಗಳನ್ನಿಟ್ಟು ತರಕಾರಿ ಬೆಳೆಯುವ ಗೃಹಸ್ಥನು ಅಡುಗೆಮನೆಯ ಸಿಪ್ಪೆಯನ್ನು ಗೊಬ್ಬರವಾಗಿಸುವಾಗ, ತಿಳಿದೋ ತಿಳಿಯದೆಯೋ, ಎರಡು ಭಾರತೀಯ ಊರುಗಳ ಹೆಸರು ಹೊತ್ತ ವಿಧಾನಗಳನ್ನೇ ಅನುಸರಿಸುತ್ತಿರುತ್ತಾನೆ. ಒಂದು ಇಂದೂರು, ಮತ್ತೊಂದು ಬೆಂಗಳೂರು. ಜಗತ್ತಿನ ಕೃಷಿ ಗ್ರಂಥಗಳು ಈ ಎರಡು ವಿಧಾನಗಳನ್ನೂ ಗೌರವದಿಂದ ಉಲ್ಲೇಖಿಸುತ್ತವೆ. ಗೊಬ್ಬರದ ರಾಶಿ ಎಷ್ಟು ಕಾವೇರಿತು, ಎಷ್ಟು ದಿನಕ್ಕೆ ತಣಿಯಿತು ಎಂಬುದನ್ನು ಆ ಗ್ರಂಥಗಳಿಂದ ತಿಳಿಯಬಹುದು. ಅದೇ ಬಿಸಿಲಿನಲ್ಲಿ ಆ ರಾಶಿಯನ್ನು ಕಟ್ಟಿದವರ, ಹೊತ್ತವರ ಮೈ ಎಷ್ಟು ಕಾವೇರಿತು ಎಂಬುದಕ್ಕೆ ಸಿಕ್ಕಿರುವ ಸ್ಥಳ ಬಲು ಸ್ವಲ್ಪ. ಜಮೆಯ ಪುಟ ತುಂಬಿದ್ದು ಖರ್ಚಿನ ಪುಟ ಅರೆಬರೆಯಾಗಿರುವ ಲೆಕ್ಕವನ್ನು ಯಾವ ವರ್ತಕನೂ ಪೂರ್ಣವೆಂದು ಒಪ್ಪುವುದಿಲ್ಲ.

ಭಾರತದ ರೈತನಿಗೆ ಗೊಬ್ಬರದ ಬೆಲೆ ತಿಳಿಯದು ಎಂಬುದು ಕಳೆದ ಶತಮಾನಕ್ಕೆ ಮುಂಚಿನ ಆಂಗ್ಲ ಅಧಿಕಾರಿಗಳಲ್ಲಿ ಹಲವರ ಅಭಿಪ್ರಾಯವಾಗಿತ್ತು. ಸಗಣಿಯನ್ನು ಬೆರಣಿ ತಟ್ಟಿ ಸುಡುವುದನ್ನು ಅವರು ಅಜ್ಞಾನವೆಂದೇ ಎಣಿಸಿದ್ದರು. ಭಾರತದ ಕೃಷಿಯನ್ನು ಸಂಚಾರ ಮಾಡಿ ಪರಿಶೀಲಿಸಿದ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್ 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಈ ಆರೋಪವನ್ನು ತಳ್ಳಿಹಾಕಿದನು. ರೈತನು ಸಗಣಿಯನ್ನು ಸುಡುವುದು ಸೌದೆ ಸಿಗದ ಕಾರಣದಿಂದ. ಉರುವಲು ಒದಗಿಸಿದರೆ ಸಗಣಿ ಹೊಲಕ್ಕೆ ಹೋದೀತು ಎಂಬುದು ಅವನ ವಾದ. ಬಡವನ ಒಲೆಗೂ ಹೊಲದ ಫಲವತ್ತತೆಗೂ ಇರುವ ಈ ನಂಟನ್ನು ಗುರುತಿಸಿದ್ದು ಆ ವರದಿಯ ದೊಡ್ಡ ಗುಣ.

ಸಗಣಿಯೇ ಸಾಲದಿರುವಾಗ ಅಲ್ಪ ಸಗಣಿಯಿಂದ ಬಹಳ ಗೊಬ್ಬರ ಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವನು ಆಲ್ಬರ್ಟ್ ಹೋವರ್ಡ್. 1905ರಲ್ಲಿ ಬಿಹಾರದ ಪೂಸಾಕ್ಕೆ ಸರ್ಕಾರಿ ಸಸ್ಯಶಾಸ್ತ್ರಜ್ಞನಾಗಿ ಬಂದ ಈತನು, ತನಗೆ ನಿಜವಾದ ಗುರುಗಳಾದವರು ರೈತರು ಮತ್ತು ಬೆಳೆಗೆ ಬೀಳುವ ಕೀಟರೋಗಗಳು ಎಂದು ಮುಂದೆ ಮುಕ್ತವಾಗಿ ಹೇಳಿಕೊಂಡನು. ಅವನ ಪತ್ನಿ ಗೇಬ್ರಿಯಲ್ ಹೋವರ್ಡ್ ಸ್ವತಃ ನುರಿತ ಸಸ್ಯಶಾಸ್ತ್ರಜ್ಞೆ, ಸಂಶೋಧನೆಯಲ್ಲಿ ಸಮಭಾಗಿ. ಭಾರತೀಯ ಕೇಂದ್ರ ಹತ್ತಿ ಸಮಿತಿಯ ಧನಸಹಾಯದಿಂದಲೂ ಹೋಳ್ಕರ್ ಸಂಸ್ಥಾನ ಒದಗಿಸಿದ ಜಮೀನಿನಿಂದಲೂ 1924ರಲ್ಲಿ ಇಂದೂರಿನಲ್ಲಿ ಸಸ್ಯ ಸಂಶೋಧನ ಸಂಸ್ಥೆ ಸ್ಥಾಪನೆಯಾದಾಗ ಇಬ್ಬರೂ ಅಲ್ಲಿಗೆ ತೆರಳಿದರು. ಚೀನಾ, ಕೊರಿಯಾ, ಜಪಾನ್ ದೇಶಗಳ ರೈತರು ಒಂದು ಕಡ್ಡಿಯನ್ನೂ ವ್ಯರ್ಥ ಮಾಡದೆ ಮಣ್ಣಿಗೆ ಮರಳಿಸುವ ಪರಿಯನ್ನು ಅಮೆರಿಕದ ಎಫ್. ಎಚ್. ಕಿಂಗ್ ಬರೆದ, 1911ರಲ್ಲಿ ಹೊರಬಂದ ಗ್ರಂಥವು ಅವರ ಮುಂದಿತ್ತು.

ಇಂದೂರಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು. ಇಂದಿನ ಮನೆಗೊಬ್ಬರದ ಗುಟ್ಟೆಲ್ಲ ಅದರಲ್ಲಿಯೇ ಇದೆ. ಹೊಲದ ಕಳೆ, ತರಗು, ಹತ್ತಿಕಡ್ಡಿ ಮುಂತಾದ ಒಣ ಪದಾರ್ಥಗಳೆಲ್ಲ ಅಲ್ಲಿ ಸಂಗ್ರಹವಾಗುತ್ತಿದ್ದವು. ಗಡುಸಾದ ಹತ್ತಿಕಡ್ಡಿಯನ್ನು ಮುರಿಯಲು ಬೇರೆ ಯಂತ್ರವಿರಲಿಲ್ಲ. ಗಾಡಿದಾರಿಯ ಮೇಲೆ ಹರಡಿದರೆ ಎತ್ತಿನ ಗಾಡಿಗಳೇ ಅದನ್ನು ಜಜ್ಜಿಬಿಡುತ್ತಿದ್ದವು. ಈ ಕಸವನ್ನು ದನಗಳ ಕೆಳಗೆ ಹಾಸಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು, ಬೂದಿ ಮತ್ತು ಸಗಣಿಯ ಬಗ್ಗಡದೊಡನೆ ಆಳವಿಲ್ಲದ ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ ನೀರು ಚಿಮುಕಿಸುತ್ತಿದ್ದರು. ಮಳೆಗಾಲದಲ್ಲಿ ಗುಂಡಿಗೆ ಬದಲು ನೆಲದ ಮೇಲೆ ರಾಶಿ. ಎರಡು ವಾರ ಕಳೆದ ಮೇಲೆ ಒಮ್ಮೆ, ತಿಂಗಳಿಗೆ ಒಮ್ಮೆ, ಎರಡು ತಿಂಗಳಿಗೆ ಒಮ್ಮೆ, ಹೀಗೆ ಮೂರು ಸಲ ಮಗುಚಿದರೆ ತೊಂಬತ್ತು ದಿನಗಳಲ್ಲಿ ಗೊಬ್ಬರ ಸಿದ್ಧ. ಮಗುಚುವುದೇಕೆಂದರೆ ಗಾಳಿಗಾಗಿ. ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಉಸಿರಾಟಕ್ಕೆ ಗಾಳಿ, ಆಹಾರಕ್ಕೆ ಒಣ ಕಸದ ಇಂಗಾಲ, ಮೈ ಬೆಳೆಯಲು ಸಗಣಿ ಗಂಜಲಗಳ ಸಾರಜನಕ, ಇವುಗಳೊಡನೆ ನೀರೂ ಹದವಾಗಿ ದೊರೆಯಬೇಕು. ಇಂಗಾಲವು ಸಾರಜನಕದ ಸುಮಾರು ಮೂವತ್ತು ಪಾಲಿದ್ದರೆ ಹದ ಸರಿ. ಹಾಗಿದ್ದಾಗ ರಾಶಿಯ ಒಳಗಿನ ಉಷ್ಣತೆ ಆರಂಭದಲ್ಲಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಮೂರು ತಿಂಗಳಲ್ಲಿ ಮೆಲ್ಲನೆ 30ರ ಸುಮಾರಿಗೆ ಇಳಿಯುತ್ತದೆ. ಆ ಕಾವಿನಲ್ಲಿಯೇ ಕಳೆಯ ಬೀಜ, ನೊಣದ ಮರಿ, ರೋಗಾಣುಗಳು ನಾಶವಾಗುವುದು.

ಗೇಬ್ರಿಯಲ್ 1930ರಲ್ಲಿ ತೀರಿಕೊಂಡರು. ಮರುವರ್ಷ ಹೋವರ್ಡ್ ಭಾರತವನ್ನು ಬಿಟ್ಟನು. ಅದೇ 1931ರಲ್ಲಿ ಇಂದೂರು ವಿಧಾನದ ಗ್ರಂಥವು ಅಚ್ಚಾಯಿತು. ಮುಖಪುಟದಲ್ಲಿ ಹೋವರ್ಡನೊಡನೆ ಮತ್ತೊಂದು ಹೆಸರಿದೆ: ಯಶವಂತ ಡಿ. ವಾಡ್, ಆ ಸಂಸ್ಥೆಯ ರಸಾಯನ ವಿಭಾಗದ ಸಹಾಯಕ. ಹೋವರ್ಡನಿಗೆ 1934ರಲ್ಲಿ ಸರ್ ಪದವಿ ಬಂದಿತು. 1940ರ ಅವನ ಗ್ರಂಥವನ್ನು ಸಾವಯವ ಕೃಷಿಯವರು ಇಂದಿಗೂ ಓದುತ್ತಾರೆ. ವಾಡ್ ಅವರ ಹೆಸರನ್ನು ಬಲ್ಲವರು ವಿರಳ. 1935ರಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನಕ್ಕೆಂದು ಇಂದೂರಿಗೆ ಬಂದ ಗಾಂಧೀಜಿಯವರು ಈ ಗುಂಡಿಗಳನ್ನು ನೋಡಿದರು. ಅವರ ‘ಹರಿಜನ’ ಪತ್ರಿಕೆಯೂ ಈ ಕ್ರಮವನ್ನು ಪ್ರಚಾರ ಮಾಡಿತು.

ಇನ್ನು ಬೆಂಗಳೂರಿನ ಕಥೆ. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣಕ್ಕೆ ಹೆಸರಾಗಿದ್ದ ಗಿಲ್ಬರ್ಟ್ ಫೌಲರ್ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಜೀವರಸಾಯನ ವಿಭಾಗವನ್ನು ಕಟ್ಟಿದನು. ಊರಿನ ಕೊಳೆಯಲ್ಲಿ ಹರಿದು ಹೋಗುವ ಸಾರಜನಕವನ್ನು ಹೊಲಕ್ಕೆ ಮರಳಿಸುವುದು ಹೇಗೆಂಬುದು ಅವನ ಚಿಂತೆ. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕ್ರಮವೇ ಬೆಂಗಳೂರು ವಿಧಾನ. ಇದರಲ್ಲಿ ಮಗುಚುವ ಕೆಲಸವಿಲ್ಲ. ಸುಮಾರು ಒಂದು ಮೀಟರ್ ಆಳದ ಕಂದಕದಲ್ಲಿ ಊರಿನ ಕಸವನ್ನೂ ಮನುಷ್ಯರ ಮಲವನ್ನೂ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮುಚ್ಚಿಬಿಡುವುದು. ಮೊದಲ ಎಂಟು ಹತ್ತು ದಿನ ಒಳಗಿರುವ ಗಾಳಿಯಿಂದ ರಾಶಿ ಕಾವೇರುತ್ತದೆ. ಅನಂತರ ಗಾಳಿಯಿಲ್ಲದೆಯೇ ನಿಧಾನವಾಗಿ ಕೊಳೆಯುತ್ತದೆ. ಆರರಿಂದ ಎಂಟು ತಿಂಗಳು ಕಾಯಬೇಕು. ಸಾರಜನಕ ಹೆಚ್ಚು ಉಳಿಯುತ್ತದೆ, ಕೂಲಿ ಕಡಮೆ, ನೀರೂ ಕಡಮೆ. ಪುರಸಭೆಗಳಿಗೆ ಇದು ಮೆಚ್ಚಿಕೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ‘ಕೂಲಿ ಕಡಮೆ’ ಎಂಬ ಮಾತನ್ನು ಇಲ್ಲಿ ನಿಲ್ಲಿಸಿ ನೋಡಬೇಕು. ಕಂದಕದ ಬಳಿ ಮಗುಚುವವರು ಬೇಡವಾದರು, ನಿಜ. ಕಂದಕದವರೆಗೆ ಆ ಮಲವನ್ನು ತಂದವರು ಯಾರು? ಒಣ ಪಾಯಿಖಾನೆಗಳಿಂದ ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಸೋರುವ ರಸವನ್ನು ಮೈಮೇಲೆ ಇಳಿಸಿಕೊಂಡು ನಡೆದವರು. ಬೇರೆ ವೃತ್ತಿಗೆ ಹೋಗಲು ಸಮಾಜ ಬಿಡದಿದ್ದ ಜನ. ಹೊಲದ ಇಳುವರಿ ಹೆಚ್ಚಿದ್ದು ಲೆಕ್ಕಕ್ಕೆ ಬಂದಿತು, ಇವರ ಆಯುಷ್ಯ ಕುಗ್ಗಿದ್ದು ಬರಲಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ದೇಶದ ಮಟ್ಟದಲ್ಲಿ ಕಾನೂನು ಬಂದದ್ದು 1993ರಲ್ಲಿ. ಅದನ್ನು ಇನ್ನಷ್ಟು ಬಿಗಿಗೊಳಿಸಬೇಕಾಗಿ ಬಂದದ್ದು 2013ರಲ್ಲಿ. ಒಂದು ಅನ್ಯಾಯಕ್ಕೆ ಎರಡು ಕಾನೂನುಗಳು ಬೇಕಾದವು ಎಂಬುದೇ ಸಾಕಷ್ಟು ಹೇಳುತ್ತದೆ.

ಮಗುಚಿದರೆ ರಾಶಿಯೊಳಗಿನ ಹುಳುಹುಪ್ಪಟೆಗೆ ಹಿಂಸೆಯಾಗುವುದಿಲ್ಲವೇ, ಆದುದರಿಂದ ಮುಚ್ಚಿಡುವ ಬೆಂಗಳೂರು ಕ್ರಮವೇ ಶ್ರಾವಕರಿಗೆ ಲೇಸಲ್ಲವೇ ಎಂಬ ಶಂಕೆ ಸಹಜ. ಗೃಹಸ್ಥನ ಆರಂಭಗಳಲ್ಲಿ ಹಿಂಸೆ ಪೂರ್ಣವಾಗಿ ತಪ್ಪದು, ತಪ್ಪಿಸಬೇಕಾದದ್ದು ಪ್ರಮಾದವನ್ನು. ಆದರೆ ಹುಳುವಿನ ಚಿಂತೆಯಲ್ಲಿ ಬುಟ್ಟಿ ಹೊತ್ತ ಮನುಷ್ಯನನ್ನು ಮರೆತರೆ ಆ ಶಂಕೆಗೆ ಅರ್ಥವಿಲ್ಲ. ಮನೆಯ ಕಸವನ್ನು ಬೀದಿಗೆ ಎಸೆದು ಕೈತೊಳೆದುಕೊಂಡಾಗಲೂ ಅದು ಇನ್ನೊಬ್ಬರ ಕೈಗೆ, ಇನ್ನೊಂದು ಊರಿಗೆ ಹೋಗುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನರು ದುರ್ನಾತವನ್ನೂ ಕೆಟ್ಟ ನೀರನ್ನೂ ತಾಳಲಾರದೆ ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳು ವಿಧಿಸಿದವು.

ಮನೆಯಲ್ಲಿಯೇ ಗೊಬ್ಬರ ಮಾಡುವುದೆಂದರೆ, ಈ ದೃಷ್ಟಿಯಿಂದ, ಖರ್ಚಿನ ಪುಟವನ್ನು ತನ್ನ ಕೈಯಿಂದಲೇ ತುಂಬುವುದು. ಕ್ರಮ ಕಷ್ಟವಲ್ಲ. ತೂತುಗಳಿರುವ ಮಣ್ಣಿನ ಮಡಕೆಯಲ್ಲಿಯೋ ನೆರಳಿನ ಮೂಲೆಯ ಗುಂಡಿಯಲ್ಲಿಯೋ ತರಕಾರಿಯ ಸಿಪ್ಪೆ ಒಂದು ಪಾಲಿಗೆ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಎರಡು ಪಾಲಿನಂತೆ ಹಾಕಿ, ವಾರಕ್ಕೊಮ್ಮೆ ಕೈಯಾಡಿಸಿದರೆ ಸಾಕು. ಕೆಟ್ಟ ವಾಸನೆ ಬಂದರೆ ಹಸಿ ಹೆಚ್ಚಾಗಿದೆ ಎಂದರ್ಥ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ಇಂದೂರಿನ 65 ಡಿಗ್ರಿ ಕಾವು ದೊಡ್ಡ ರಾಶಿಗೆ ಸಲ್ಲುವುದು. ಸುಮಾರು ಒಂದು ಘನ ಮೀಟರಿಗಿಂತ ಚಿಕ್ಕದಾದ ರಾಶಿ ತನ್ನ ಕಾವನ್ನು ಉಳಿಸಿಕೊಳ್ಳಲಾರದು. ಆದುದರಿಂದ ರೋಗ ಹತ್ತಿದ ಗಿಡವನ್ನಾಗಲಿ ನಾಯಿ ಬೆಕ್ಕುಗಳ ಹೇಲನ್ನಾಗಲಿ ಮನೆಯ ಮಡಕೆಗೆ ಹಾಕಲಾಗದು. ಮಾಗಿದ ಗೊಬ್ಬರವನ್ನು ಒಣಗಿದಾಗ ಕೊಡವಿದರೆ ಏಳುವ ದೂಳೂ ಶ್ವಾಸಕೋಶಕ್ಕೆ ಹಿತವಲ್ಲ. ಕುಂಡಕ್ಕೆ ತುಂಬುವ ಮಣ್ಣುಮಿಶ್ರಣದಿಂದ ಲೀಜಿಯೊನೆಲ್ಲಾ ಎಂಬ ಸೂಕ್ಷ್ಮಜೀವಿ ನ್ಯುಮೋನಿಯ ತಂದದ್ದನ್ನು ಆಸ್ಟ್ರೇಲಿಯದ ವೈದ್ಯರು 1980ರ ದಶಕದ ಕೊನೆಯಲ್ಲಿ ಪತ್ತೆ ಮಾಡಿದರು. ಗೊಬ್ಬರವನ್ನು ಸ್ವಲ್ಪ ತೇವಗೊಳಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿ ಮುಟ್ಟುವುದು, ಆಮೇಲೆ ಸಾಬೂನಿನಿಂದ ಕೈತೊಳೆಯುವುದು, ಧನುರ್ವಾಯುವಿನ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಳ್ಳುವುದು, ಇಷ್ಟು ಜಾಗ್ರತೆ ಸಾಕು.

ಬಿಸಿಲಿನ ವಿಷಯ ಇದಕ್ಕಿಂತ ಗಂಭೀರ. ರಾಶಿಗೆ 65 ಡಿಗ್ರಿ ಶುಭ. ಮನುಷ್ಯನ ಮೈ 37ರಿಂದ 40ಕ್ಕೆ ಏರಿದರೆ ಪ್ರಾಣಕ್ಕೆ ಸಂಚಕಾರ. ದುಡಿಯುವ ಮೈಯಲ್ಲಿ ಹುಟ್ಟುವ ಕಾವನ್ನು ಹೊರಹಾಕುವ ಮುಖ್ಯ ಉಪಾಯ ಬೆವರು, ಅದೂ ಅದು ಆರಿದಾಗ ಮಾತ್ರ. ಮಂಗಳೂರಿನ ಕಡೆ ಗಾಳಿಯೇ ತೇವವಾಗಿರುವುದರಿಂದ ಬೆವರು ಸುರಿದರೂ ಆರುವುದಿಲ್ಲ. ರಾಯಚೂರು, ಕಲಬುರಗಿಯಲ್ಲಿ ಬೆವರು ಹುಟ್ಟುತ್ತಲೇ ಆರುವುದರಿಂದ ಎಷ್ಟು ನೀರು ಹೋಯಿತೆಂಬುದೇ ತಿಳಿಯದು. ಬೇಸಗೆಯ ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಆದುದರಿಂದ ಚೈತ್ರದ ಮೊದಲ ದಿನವೇ ಗುದ್ದಲಿ ಹಿಡಿದು ಮಧ್ಯಾಹ್ನದವರೆಗೆ ಅಗೆಯುವುದು ಶೌರ್ಯವಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ, ವಾಡಿಕೆಗಿಂತ ಸಾವಿರಕ್ಕೂ ಮಿಕ್ಕಿ ಹೆಚ್ಚು ಮಂದಿ ಮಡಿದರು. ಆ ನಗರವು 2013ರಲ್ಲಿ ಮುನ್ನೆಚ್ಚರಿಕೆಯ ಯೋಜನೆಯನ್ನು ಜಾರಿಗೆ ತಂದು ಉಳಿದ ಊರುಗಳಿಗೆ ದಾರಿ ತೋರಿತು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹೊತ್ತಿಗೆ ಬದಲಾಗುವುದೂ ಇದೇ ಕಾರಣಕ್ಕೆ. ಫ್ಯಾನಿನ ಕೆಳಗೆ ಕುಳಿತವರಿಗೇ ಹೀಗಿರುವಾಗ, ಕೂಲಿಗೆ ಕರೆದ ತೋಟದಾಳಿಗೆ ಹನ್ನೆರಡು ಗಂಟೆಯಲ್ಲಿ ಗೊಬ್ಬರ ಮಗುಚು ಎನ್ನುವ ಯಜಮಾನನಿಗೆ ಏನು ಹೇಳಬೇಕು?

ತೋಟದ ಕೆಲಸಕ್ಕೆ ಸೂರ್ಯೋದಯದಿಂದ ಒಂಬತ್ತರವರೆಗಿನ ಹೊತ್ತು ಪ್ರಶಸ್ತ. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಬೇಕು. ತಲೆಗೆ ವಸ್ತ್ರ, ಮೈಗೆ ಸಡಿಲವಾದ ಹತ್ತಿಬಟ್ಟೆ ಇರಬೇಕು. ನಿರಾಹಾರ ವ್ರತದ ದಿನ, ಅದರಲ್ಲಿಯೂ ನೀರನ್ನೂ ಬಿಟ್ಟ ದಿನ, ಗುದ್ದಲಿ ಮುಟ್ಟದಿರುವುದೇ ಸರಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವ ಹಿರಿಯರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ವೈದ್ಯರಲ್ಲಿಯೇ ಕೇಳಬೇಕು. ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಬಂದ ಕೂಡಲೇ ಕೆಲಸ ಬಿಟ್ಟು ನೆರಳಿಗೆ ಬರುವುದು. ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಉಷ್ಣಾಘಾತ. ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಬೇಸಗೆಯಲ್ಲಿ ಮಡಕೆಯ ಗೊಬ್ಬರವೂ ಬಾಯಾರುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳು ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದ ರಾಶಿಗೆ ಮೊದಲು ಬಂದು ಸೇರುವವು ಇರುವೆಗಳು. ಒಮ್ಮೆ ಗೂಡು ಕಟ್ಟಿದ ಮೇಲೆ ನೀರು ಹೊಯ್ದರೂ ಕೈಯಾಡಿಸಿದರೂ ಅವುಗಳಿಗೆ ಸಾವು ತಪ್ಪದು. ಬೆಳಗ್ಗೆ ತೋಟಕ್ಕೆ ಇಳಿದವರು ತಾವು ಒಂದು ಲೋಟ ನೀರು ಕುಡಿಯುವ ಹೊತ್ತಿಗೇ ಮಡಕೆಗೂ ನಾಲ್ಕು ಹನಿ ಚಿಮುಕಿಸಿದರೆ ಅವು ಅಲ್ಲಿ ಮನೆ ಮಾಡುವುದೇ ಇಲ್ಲ.