ಬ್ಯಾರನ್ ಮುಂದೆ ಒಂದು ರಾತ್ರಿ

ಶನಿವಾರ ಬೆಳಿಗ್ಗೆ ಹುಣಸೂರಿನ ಹತ್ತಿರ ಹೆದ್ದಾರಿ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಬೆಂಗಳೂರಿನ ಕಾರುಗಳು ಒಂದರ ಹಿಂದೆ ಒಂದು. ಕೆಲವು ನಾಗರಹೊಳೆ ಕಡೆ ತಿರುಗುತ್ತವೆ, ಉಳಿದವು ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿಕೊಂಡು ಕೊಡಗಿಗೆ. ಎಚ್.ಡಿ. ಕೋಟೆಯ ರಸ್ತೆಯಲ್ಲೂ ಅಷ್ಟೇ, ಎಲ್ಲಾ ಕಬಿನಿ ಹಿನ್ನೀರಿನ ರೆಸಾರ್ಟ್‌ಗಳಿಗೆ. ಎಲ್ಲರೂ ಹಾರ್ನ್ ಹೊಡೀತಾರೆ, ಎಲ್ಲರಿಗೂ ಅರ್ಜೆಂಟು. ಹೋಗ್ತಿರೋದು ಮಾತ್ರ ನಿಧಾನವಾಗೋಕೆ.

ನಗೋ ಹಕ್ಕು ನನಗಿಲ್ಲ ಬಿಡಿ, ನಾನೂ ಅದೇ ರಸ್ತೆಯಲ್ಲಿ ಅದೇ ಸ್ಪೀಡಲ್ಲಿ ಹೋಗೋನು. ವ್ಯತ್ಯಾಸ ಇಷ್ಟೇ, ನಾನು ರೆಸಾರ್ಟ್‌ಗೆ ಹೋಗಲ್ಲ, ಊರಿಗೆ ಹೋಗ್ತೀನಿ. "ನಿನಗೇನಪ್ಪಾ, ಡಿಜಿಟಲ್ ಡಿಟಾಕ್ಸ್ ಫ್ರೀ" ಅಂತಾರೆ ಆಫೀಸಲ್ಲಿ. ಹಳ್ಳಿ ಅಂದ್ರೆ ನಿಧಾನ, ನಿಧಾನ ಅಂದ್ರೆ ನೆಮ್ಮದಿ ಅನ್ನೋ ಲೆಕ್ಕ ಅವರದು. ಹೋದ ವರ್ಷದ ಆಗಸ್ಟ್‌ವರೆಗೆ ನಾನೂ ಹೆಚ್ಚುಕಡಿಮೆ ಅದನ್ನೇ ನಂಬಿದ್ದೆ.

ನಮ್ಮದು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪಿನ ಮನೆ. ನನ್ನ ಬಿಇ ಫೀಸು ಬಂದಿದ್ದು ಆ ಎಲೆಯಿಂದಲೇ. ಅಮ್ಮನ ತವರು ಕೆ.ಆರ್. ನಗರದ ಕಡೆ, ಚಾಮರಾಜ ನಾಲೆಯ ನೀರು, ಭತ್ತದ ಗದ್ದೆ. ಅಲ್ಲಿಯವರು ಮಳೆಗಾಲದಲ್ಲಿ ರಾತ್ರಿ ಮಲಗ್ತಾರೆ. ನಮ್ಮಲ್ಲಿ ಜುಲೈಯಿಂದ ಯಾರಾದರೊಬ್ಬರು ಎದ್ದೇ ಇರಬೇಕು, ಯಾಕಂದ್ರೆ ಬ್ಯಾರನ್ ಉರೀತಾ ಇರುತ್ತೆ.

ಬ್ಯಾರನ್ ನೋಡದವರಿಗೆ ಸ್ವಲ್ಪ ಹೇಳ್ತೀನಿ. ಎತ್ತರದ, ಕಿಟಕಿಯೇ ಇಲ್ಲ ಅನ್ನಬಹುದಾದ ಕೋಣೆ. ಒಳಗೆ ಅಟ್ಟಣಿಗೆಯ ಹಾಗೆ ಸಾಲುಸಾಲಾಗಿ ಕಡ್ಡಿಗಳು, ಕಡ್ಡಿಗೆ ಕಟ್ಟಿದ ಹಸಿ ಎಲೆ. ಒಲೆಯ ಬಾಯಿ ಹೊರಗಡೆ. ಬೆಂಕಿಯ ಬಿಸಿ ತಗಡಿನ ಕೊಳವೆಗಳಲ್ಲಿ ನೆಲದ ಮೇಲೆ ಸುತ್ತಿ ಹೋಗುತ್ತೆ. ಹೊಗೆ ಎಲೆಗೆ ತಾಗಲ್ಲ, ಶಾಖ ಮಾತ್ರ ತಾಗುತ್ತೆ. ಒಂದು ಬ್ಯಾರನ್ ಇಳಿಸೋಕೆ ಐದಾರು ದಿನ ಬೇಕು. ಮೊದಲು ತೊಂಬತ್ತರಿಂದ ನೂರು ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಎಲೆ ಹಳದಿಯಾಗೋವರೆಗೆ ಕಾಯಬೇಕು. ಆಮೇಲೆ ಸ್ವಲ್ಪಸ್ವಲ್ಪವಾಗಿ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ ನೂರ ಅರವತ್ತರ ಹತ್ತಿರ ನರ ಒಣಗಿಸಬೇಕು. ಮಧ್ಯದಲ್ಲಿ ಎಷ್ಟು ಹೊತ್ತು ಅನ್ನೋದಕ್ಕೆ ಚಾರ್ಟ್ ಇದೆ, ಆದರೆ ಅಪ್ಪ ಚಾರ್ಟ್ ನೋಡಿದ್ದನ್ನ ನಾನು ಕಂಡಿಲ್ಲ. ಬಾಗಿಲು ತೆಗೆದು ಎಲೆಯನ್ನ ಬೆರಳಲ್ಲಿ ಮಡಚಿ ನೋಡ್ತಾರೆ, ಮೂಸಿ ನೋಡ್ತಾರೆ, ಮುಚ್ತಾರೆ.

ಕಿತ್ತ ಮೇಲೂ ಎಲೆ ಒಂದೆರಡು ದಿನ ಜೀವಂತವಾಗಿರುತ್ತೆ ಅಂತ ನನಗೆ ಗೊತ್ತಾಗಿದ್ದು ತೀರಾ ಈಚೆಗೆ. ಆ ಹೊತ್ತಲ್ಲೇ ಅದರೊಳಗಿನ ಪಿಷ್ಟ ಸಕ್ಕರೆಯಾಗೋದು, ಹಸಿರು ಕರಗಿ ಹಳದಿ ಮೇಲೆ ಬರೋದು. ಜೋರು ಶಾಖ ಬಣ್ಣ ತರೋದಿಲ್ಲ, ಇದ್ದ ಬಣ್ಣವನ್ನ ಅಲ್ಲೇ ನಿಲ್ಲಿಸಿಬಿಡುತ್ತೆ. ಹಳದಿಯಾದ ಮೇಲೆ ಏರಿಸಿದ್ರೆ ಚಿನ್ನ. ಒಂದು ದಿನ ಮುಂಚೆ ಏರಿಸಿದ್ರೆ ಹಸಿರು, ಅದನ್ನ ಆಮೇಲೆ ಯಾವ ದೇವರೂ ಹಳದಿ ಮಾಡಲ್ಲ.

ಈ ವಿದ್ಯೆ ಹುಟ್ಟಿದ ಕತೆ ತಮಾಷೆಯಾಗಿದೆ. ತಮಾಷೆ ಅನ್ನಬಾರದೇನೋ. 1839ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಟೀಫನ್ ಸ್ಲೇಡ್ ಅಂತ ಒಬ್ಬ ಹುಡುಗ, ಅಬಿಶಾ ಸ್ಲೇಡ್ ಎಂಬ ಜಮೀನುದಾರನ ಗುಲಾಮ, ರಾತ್ರಿ ಬ್ಯಾರನ್ ಕಾಯ್ತಾ ನಿದ್ದೆ ಹೋದ. ಎದ್ದು ನೋಡಿದ್ರೆ ಬೆಂಕಿ ಆರೋ ಹಂತದಲ್ಲಿದೆ. ಗಾಬರಿಯಲ್ಲಿ ಕುಲುಮೆಯ ಹತ್ತಿರವಿದ್ದ ಇದ್ದಿಲು ತಂದು ಸುರಿದ. ಶಾಖ ಒಮ್ಮೆಲೇ ಏರಿತು, ಎಲೆ ಹೊಳೆಯೋ ಹಳದಿಗೆ ತಿರುಗಿತು. 'ಬ್ರೈಟ್ ಲೀಫ್' ಅಂತ ಜಗತ್ತು ಹುಚ್ಚಾದ ಎಲೆ ಅಲ್ಲಿಂದ ಶುರು ಅಂತ ಹೇಳ್ತಾರೆ. ಇದ್ದಿಲಿನ ಜಾಗಕ್ಕೆ ಮುಂದೆ ಕೊಳವೆಗಳು ಬಂದವು. ಆ ಹೊತ್ತಿಗೆ ಎಲೆ ಆಗಲೇ ಹಳದಿಯಾಗಿತ್ತು ಅನ್ನೋದು ಅವನ ಅದೃಷ್ಟ. ಲಾಭ ಒಡೆಯನಿಗೆ ಹೋಯಿತು. ನಿದ್ದೆಗೆಟ್ಟವನು ಗುಲಾಮನಾಗೇ ಉಳಿದ.

ನಮ್ಮ ಕಡೆಗೆ ಈ ಎಲೆ ಬಂದಿದ್ದು ಗುಂಟೂರು ಸೀಮೆಯ ನಂತರ. ಆಂಧ್ರದಲ್ಲಿ 1920ರ ದಶಕದಲ್ಲಿ ವರ್ಜೀನಿಯಾ ತಂಬಾಕು ಬೇರೂರಿತು, ಸ್ವಾತಂತ್ರ್ಯಕ್ಕೆ ಮುಂಚೆಯೇ ಮೈಸೂರು ಸಂಸ್ಥಾನಕ್ಕೂ ಬಂತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ಆಯ್ತು. 1975ರ ಕಾಯ್ದೆಯಂತೆ 1976ರಲ್ಲಿ ಗುಂಟೂರಿನಲ್ಲಿ ತಂಬಾಕು ಮಂಡಳಿ ಬಂತು. ಮಂಡಳಿಯ ಹರಾಜು ಪದ್ಧತಿ ಮೊದಲು ಶುರುವಾಗಿದ್ದೇ ಕರ್ನಾಟಕದಲ್ಲಿ, 1984ರಲ್ಲಿ. ಇವತ್ತು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಚ್.ಡಿ. ಕೋಟೆ ಅಂದ್ರೆ ನಮ್ಮ ಮನೆಯಲ್ಲಿ ಊರ ಹೆಸರಲ್ಲ, ಹರಾಜು ಕಟ್ಟೆಯ ಹೆಸರು. ಆರು ದಿನ ಬೆಂದ ಸೊಪ್ಪಿಗೆ ಅಲ್ಲಿ ಸಿಗೋದು ಕೆಲವೇ ಸೆಕೆಂಡು. ಬ್ರೈಟ್, ಮೀಡಿಯಂ, ಲೋ. ಮುಂದಿನ ಬೇಲ್.

ಹೋದ ವರ್ಷ ಆಗಸ್ಟ್‌ನಲ್ಲಿ ನಾನು ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ರಜೆ ಅಂದ್ರೂ ಆನ್-ಕಾಲ್ ನನ್ನದೇ, ಲ್ಯಾಪ್‌ಟಾಪ್ ಬ್ಯಾಗಲ್ಲಿತ್ತು. ಎರಡನೇ ರಾತ್ರಿ ಅಪ್ಪನಿಗೆ ಜ್ವರ. "ಇವತ್ತೊಂದಿನ ನೀನು ಕುಂತ್ಕೋ, ನೂರು ದಾಟಕ್ಕೆ ಬಿಡಬ್ಯಾಡ" ಅಂದ್ರು. ಜಡಿಮಳೆ. ಚೆನ್ನಾಗೇ ಇತ್ತು, ನಿಜ ಹೇಳಬೇಕಂದ್ರೆ. ಒಲೆ ಮುಂದೆ ಕೂತು ಫೋಟೋ ತೆಗೆದು ಸ್ಟೇಟಸ್ ಹಾಕಿದೆ, 'ಸ್ಲೋ ಲೈಫ್' ಅಂತ.

ಒಂದು ಗಂಟೆಗೆ ಫೋನ್ ಬಡಕೊಳ್ತು. ಪ್ರೊಡಕ್ಷನ್‌ನಲ್ಲಿ ಏನೋ ಬಿದ್ದಿದೆ. ನೆಟ್‌ವರ್ಕ್ ಸಿಗೋದು ಮನೆಯ ಜಗುಲಿಯಲ್ಲಿ. ಹತ್ತು ನಿಮಿಷ ಅಂದ್ಕೊಂಡೆ. ಮಧ್ಯೆ ಎದ್ದು ಬರೋದು ಬೇಡ ಅಂತ ಒಲೆಗೆ ದಪ್ಪದಪ್ಪ ಸೌದೆ ನಾಲ್ಕು ಒಟ್ಟಿಗೆ ತುರುಕಿ ಹೋದೆ. ಎಂಜಿನಿಯರ್ ಬುದ್ಧಿ ನೋಡಿ, ಕೆಲಸವನ್ನ ಬ್ಯಾಚ್ ಮಾಡಿದೆ! ವಾಪಸ್ ಬಂದಾಗ ಮೂರು ಗಂಟೆ. ಥರ್ಮಾಮೀಟರ್ ನೂರ ಇಪ್ಪತ್ತರ ಮೇಲಿತ್ತು.

ಅಪ್ಪ ಕಂಬಳಿ ಹೊದ್ದು ಬಂದು ಬಾಗಿಲು ತೆಗೆದರು. ಟಾರ್ಚ್ ಬೆಳಕಲ್ಲಿ ಎಲೆ ಹಸಿರುಹಸಿರಾಗೇ ಗರಿಗಟ್ಟಿತ್ತು. "ಯಾಕ್ಲಾ ಇಷ್ಟು ತುರುಕಿದ್ದೆ?" ಅಂದ್ರು, ಬೈಗುಳವಲ್ಲ, ನಿಜವಾಗಿ ಕೇಳಿದ ಹಾಗೆ. ಉತ್ತರ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆ ಬ್ಯಾರನ್ ಪೂರಾ ಲೋ ಗ್ರೇಡ್‌ಗೆ ಹೋಯಿತು. ದುಡ್ಡು ಕೊಡ್ತೀನಿ ಅಂದೆ, ತಗೊಳ್ಳಲಿಲ್ಲ. ಸ್ಟೇಟಸ್‌ಗೆ ನಲವತ್ತೆರಡು ಜನ ಹಾರ್ಟ್ ಒತ್ತಿದ್ರು.

ಆಮೇಲೇ ನಾನು ಈ ಇತಿಹಾಸ ಓದೋಕೆ ಶುರು ಮಾಡಿದ್ದು. ಓದಿದಷ್ಟೂ 'ಹಳ್ಳಿಯ ನಿಧಾನ' ಅನ್ನೋ ಮಾತು ನನ್ನ ಬಾಯಲ್ಲಿ ಕಹಿಯಾಯ್ತು. ಬ್ಯಾರನ್ ಮುಂದಿನ ನಿಧಾನ ಯಾರೂ ಆರಿಸಿಕೊಂಡಿದ್ದಲ್ಲ. ಸ್ಟೀಫನ್ ಆರಿಸಿಕೊಳ್ಳಲಿಲ್ಲ. ನಮ್ಮಪ್ಪ ಆರಿಸಿಕೊಂಡರು ಅನ್ನಬಹುದು, ಆದರೆ ಲೈಸೆನ್ಸು, ಸಾಲ, ಮಗನ ಫೀಸು ಎಲ್ಲಾ ಸೇರಿದ ಆಯ್ಕೆ ಅದು. ಒಂದು ಕೆಜಿ ಸೊಪ್ಪು ಬೇಯಿಸೋಕೆ ನಾಲ್ಕೈದು ಕೆಜಿ ಸೌದೆ ಬೇಕು. ನಾಗರಹೊಳೆ ಹಸಿರು ನೋಡೋಕೆ ಬರೋ ನಾವು ಆ ಲೆಕ್ಕ ಕೇಳಲ್ಲ. ಕೊನೆಗೆ ಇದು ಸಿಗರೇಟಿನ ಬೆಳೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲೇ ಅನುಮೋದನೆ ಕೊಟ್ಟಿದೆ, ಬೆಳೆಗಾರರಿಗೆ ಬೇರೆ ದಾರಿ ಹುಡುಕಬೇಕು ಅಂತ ಅದರಲ್ಲೇ ಇದೆ. ಅಪ್ಪ ಅದನ್ನ ಕೇಳಿ ಕೇಳಿ ಸುಸ್ತಾಗಿದ್ದಾರೆ. ಬೀಡಿ ಕೂಡ ಮುಟ್ಟದ ಮನುಷ್ಯ ಅವರು.

ಆದರೂ ಒಂದು ವಿಷಯ ನನ್ನನ್ನ ಬಿಡ್ತಿಲ್ಲ. ಬೆಂಗಳೂರಲ್ಲಿ ನಾನು ದುಡ್ಡು ಕೊಟ್ಟು ಮಾಡಿದ ಮೆಡಿಟೇಶನ್ ಆ್ಯಪ್ ಹತ್ತು ನಿಮಿಷ ಉಸಿರು ನೋಡು ಅನ್ನುತ್ತೆ, ನೋಡದಿದ್ರೂ ಏನೂ ಆಗಲ್ಲ. ಅಪ್ಪ ನೋಡೋದು ಹಾಗಲ್ಲ, ಇನ್ನೂ ಸಾಯದ ಎಲೆಯನ್ನ. ತಪ್ಪಿದ್ರೆ ಮನೆ ಮೇಲೆ ಬರುತ್ತೆ. ಅವರು ನಿಧಾನದ ಮನುಷ್ಯರೇನಲ್ಲ, ಹಗಲೆಲ್ಲಾ ಓಡಾಡ್ತಾರೆ, ಅರಚಾಡ್ತಾರೆ, ಬಸ್ಸಿಗೆ ಓಡ್ತಾರೆ. ಒಲೆ ಮುಂದೆ ಕೂತಾಗ ಮಾತ್ರ ಬೇರೆ ಏನೂ ಮಾಡಲ್ಲ.

ಈ ವರ್ಷ ಜುಲೈ ಕೊನೆಗೆ ಆನ್-ಕಾಲ್ ವಾರ ಸಹೋದ್ಯೋಗಿಯ ಜೊತೆ ಬದಲಾಯಿಸಿಕೊಂಡು ಹೋದೆ. ಅಪ್ಪ ಕೇಳಲಿಲ್ಲ, ನಾನೇ ಕೂರ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಣ್ಣ ಸೌದೆಯ ರಾಶಿಯನ್ನ ನನ್ನ ಕಡೆ ತಳ್ಳಿ ಒಳಗೆ ಹೋದರು. ಫೋನ್ ಅಮ್ಮನ ಹತ್ತಿರ. ಹನ್ನೆರಡಕ್ಕೆ ತೊಂಬತ್ತಾರು, ಎರಡಕ್ಕೆ ತೊಂಬತ್ತೆಂಟು. ಮಧ್ಯೆ ವಿಪರೀತ ಬೋರಾಯ್ತು, ಸೊಳ್ಳೆ ಬೇರೆ. ನಾಲ್ಕೂವರೆಗೆ ಅಪ್ಪ ಎದ್ದು ಬಂದರು. ನನ್ನ ಮುಖ ನೋಡಲಿಲ್ಲ, ನೇರ ಬಾಗಿಲು ತೆಗೆದು ಒಂದು ಎಲೆ ಮಡಚಿ ನೋಡಿದರು, ಮೂಸಿದರು. ಬಾಗಿಲು ಮುಚ್ಚಿ, "ಇನ್ನೊಂದ್ ನಾಕು ಗಂಟೆ ಬೇಕು" ಅಂತ ಹೇಳಿ, ಮತ್ತೆ ಮಲಗೋಕೆ ಹೋದರು.