ಬ್ರೇಕು–ಆಕ್ಸಿಲರೇಟರ್ ಮಾದರಿಯ ಮಿತಿಗಳು: ಐಚ್ಛಿಕ ಚಲನೆಯಲ್ಲಿ ಬೇಸಲ್ ಗ್ಯಾಂಗ್ಲಿಯಾದ ಪಾತ್ರ

ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಗಂಟುಗಳ ಸಮೂಹ ನಮ್ಮ ಚಲನೆಗಳನ್ನು ಹೇಗೆ ನಿಯಂತ್ರಿಸುತ್ತದೆ ಎಂಬ ಪ್ರಶ್ನೆಗೆ ವೈದ್ಯಕೀಯ ವಿದ್ಯಾರ್ಥಿ ಕಲಿಯುವ ಉತ್ತರ ಒಂದೇ: ಅಲ್ಲಿ ಚಲನೆಗೆ ಅನುವು ಮಾಡುವ ಒಂದು ದಾರಿಯಿದೆ, ತಡೆಯುವ ಇನ್ನೊಂದಿದೆ, ಅಂದರೆ ಒಂದು ಆಕ್ಸಿಲರೇಟರ್, ಇನ್ನೊಂದು ಬ್ರೇಕು. ಈ ಮಾದರಿ ಮೂವತ್ತೈದು ವರ್ಷಗಳಿಂದ ಬಾಳಿದೆ, ಚಿಕಿತ್ಸೆಗೂ ದಾರಿ ತೋರಿದೆ. ಆದರೆ ಕೈಕಾಲುಗಳ ಮಟ್ಟಿಗೆ ಈ ಜಾಲ ಚಲನೆಯನ್ನು ಆರಂಭಿಸುವುದಕ್ಕಿಂತ ಹೆಚ್ಚಾಗಿ ಅದರ ವೇಗವನ್ನೂ ಹರವನ್ನೂ ನಿಗದಿಪಡಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಸ್ನಾಯುಗಳಿಗೆ ಆಜ್ಞೆ ಹೋಗುವ ಮುಖ್ಯ ಮಾರ್ಗ ಬೇರೆಯೇ ಇದೆ. ನಾಯಿಯ ಮಿದುಳಿನ ತೊಗಟೆಯ ಒಂದು ಭಾಗಕ್ಕೆ ವಿದ್ಯುತ್ ಹಾಯಿಸಿದರೆ ಎದುರು ಮಗ್ಗುಲಿನ ಅಂಗ ಚಲಿಸುತ್ತದೆಂದು ಫ್ರಿಟ್ಶ್ ಮತ್ತು ಹಿಟ್ಸಿಗ್ 1870ರಲ್ಲಿ ತೋರಿಸಿದರು. ಮನುಷ್ಯನಲ್ಲಿ ಈ ಚಲನ ತೊಗಟೆಯಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳು ಪ್ರತಿ ಪಾರ್ಶ್ವದಲ್ಲೂ ಸುಮಾರು ಹತ್ತು ಲಕ್ಷ. ಅವುಗಳಲ್ಲಿ ಬಹುಪಾಲು ಮೆಡುಲ್ಲಾದ ಕೆಳಭಾಗದಲ್ಲಿ ಎದುರು ಪಾರ್ಶ್ವಕ್ಕೆ ದಾಟುತ್ತವೆ. ಬೇಸಲ್ ಗ್ಯಾಂಗ್ಲಿಯಾದಿಂದ ಬೆನ್ನುಹುರಿಗೆ ಇಂಥ ನೇರ ಸಂಪರ್ಕವಿಲ್ಲ. ಅದು ತೊಗಟೆಯಿಂದ ಸಂಕೇತ ಪಡೆದು, ಮಿದುಳಿನ ಆಳದ ಮರುಪ್ರಸಾರ ಕೇಂದ್ರವಾದ ಥಲಾಮಸ್ ಮೂಲಕ ಬಹುಮಟ್ಟಿಗೆ ತೊಗಟೆಗೇ ಹಿಂತಿರುಗಿಸುತ್ತದೆ. ಹೀಗೆ ಸುತ್ತಿ ಬರುವ ಸಂಕೇತದಲ್ಲಿ ಏನಿದೆ ಎಂಬುದೇ ಚರ್ಚೆಯ ತಿರುಳು.

ಈ ಜಾಲದ ಹೊರದ್ವಾರವಾದ ಒಳ ಗ್ಲೋಬಸ್ ಪ್ಯಾಲಿಡಸ್‌ನ ನರಕೋಶಗಳು ಕೋತಿ ಸುಮ್ಮನೆ ಕುಳಿತಿರುವಾಗಲೂ ಸೆಕೆಂಡಿಗೆ ಹಲವು ಹತ್ತು ಬಾರಿ ಮಿಡಿಯುತ್ತ ಥಲಾಮಸ್ಸನ್ನು ಅದುಮಿ ಹಿಡಿದಿರುತ್ತವೆ. ತೊಗಟೆಯ ಸಂಕೇತಗಳನ್ನು ಮೊದಲು ಬರಮಾಡಿಕೊಳ್ಳುವುದು ಸ್ಟ್ರಯೇಟಮ್. ಅಲ್ಲಿಂದ ಹೊರಡುವ ನೇರ ಪಥ ಈ ಅದುಮುವಿಕೆಯನ್ನೇ ಅದುಮುತ್ತದೆ, ಥಲಾಮಸ್ ಬಿಡುಗಡೆಯಾಗುತ್ತದೆ. ಬಳಸು ಪಥ ಹೊರ ಪ್ಯಾಲಿಡಸ್ ಮತ್ತು ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗಳ ಮೂಲಕ ಸುತ್ತಿ ಬಂದು ಹಿಡಿತವನ್ನು ಬಿಗಿಗೊಳಿಸುತ್ತದೆ. ಡೋಪಮೈನ್ ಎಂಬ ನರವಾಹಕ ರಾಸಾಯನಿಕ ಮೊದಲನೆಯದನ್ನು ಡಿ1 ಗ್ರಾಹಕದ ಮೂಲಕ ಉತ್ತೇಜಿಸುತ್ತದೆ, ಎರಡನೆಯದನ್ನು ಡಿ2 ಗ್ರಾಹಕದ ಮೂಲಕ ಕುಗ್ಗಿಸುತ್ತದೆ. ಹಾಗಾಗಿ ಡೋಪಮೈನ್ ಬತ್ತಿದರೆ ಎರಡೂ ಕಡೆಯಿಂದ ಹಿಡಿತ ಹೆಚ್ಚಬೇಕು. ಆಲ್ಬಿನ್, ಯಂಗ್, ಪೆನ್ನಿ 1989ರಲ್ಲೂ ಡಿಲಾಂಗ್ 1990ರಲ್ಲೂ ಈ ಮಾದರಿಗೆ ಸ್ಪಷ್ಟ ರೂಪ ಕೊಟ್ಟರು.

ಡೋಪಮೈನ್ ಕತೆಯಲ್ಲಿ ನಮ್ಮ ನೆಲದ ಎರಡು ಗಿಡಗಳು ಬರುವುದನ್ನು ಇಲ್ಲೇ ಹೇಳಿಬಿಡಬೇಕು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟು ಪ್ರಾಣಿಗಳನ್ನು ಮಿಸುಕಾಡದಂತೆ ಮಾಡಿ, ಆಮೇಲೆ ದೇಹ ಡೋಪಮೈನ್ ಆಗಿ ಪರಿವರ್ತಿಸುವ ಡೋಪಾ ಚುಚ್ಚಿ ಮತ್ತೆ ಓಡಾಡಿಸಿದರು. ರಿಸರ್ಪಿನ್ ಬಂದದ್ದು ಸರ್ಪಗಂಧಿಯ ಬೇರಿನಿಂದ. ಹಳ್ಳಿಯ ಮಕ್ಕಳೆಲ್ಲ ಹೆದರುವ ನಸುಗುನ್ನಿಯ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿದ್ದು, ಅದಕ್ಕೂ ಇಪ್ಪತ್ತು ವರ್ಷ ಮೊದಲು, 1937ರಲ್ಲಿ, ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ. ಎಲ್-ಡೋಪಾಕ್ಕೂ, ಡೋಪಮೈನ್ ಬತ್ತಿದಾಗ ಬರುವ ಪಾರ್ಕಿನ್ಸನ್ ಕಾಯಿಲೆಗೂ ನಂಟಿದೆಯೆಂದು ಆಗ ಯಾರೂ ಊಹಿಸುವಂತಿರಲಿಲ್ಲ.

ಮಾದರಿಯ ಪರವಾದ ಸಾಕ್ಷ್ಯ ಕಡಿಮೆಯೇನಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಜನರು ಕೆಲವೇ ದಿನಗಳಲ್ಲಿ ಮರಗಟ್ಟಿಹೋದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಸ್ತು ಡೋಪಮೈನ್ ತಯಾರಿಸುವ ಕೋಶಗಳನ್ನು ಕೊಂದಿತ್ತು. ಅದನ್ನೇ ಕೋತಿಗಳಿಗೆ ಕೊಟ್ಟು ಪಾರ್ಕಿನ್ಸನ್ ಲಕ್ಷಣಗಳನ್ನು ಉಂಟುಮಾಡಿದ ಬರ್ಗ್‌ಮನ್, ವಿಚ್‌ಮನ್, ಡಿಲಾಂಗ್ ಮೂವರು 1990ರಲ್ಲಿ ಅವುಗಳ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ನಾಶಪಡಿಸಿದಾಗ ಕೋತಿಗಳು ಮತ್ತೆ ಚಲಿಸಿದವು. ಪಾರ್ಶ್ವವಾಯುವಿನಿಂದ ಇದೇ ಭಾಗ ಕೆಟ್ಟ ರೋಗಿಗಳ ಎದುರು ಮಗ್ಗುಲಿನ ಕೈಕಾಲುಗಳು ತಡೆಯಿಲ್ಲದೆ ಎಗರಾಡುವುದು ಅದಕ್ಕೂ ಮೊದಲೇ ತಿಳಿದಿತ್ತು. 2010ರಲ್ಲಿ ಕ್ರಾವಿಟ್ಜ್ ಮತ್ತು ಸಂಗಡಿಗರು ಕೋಶಗಳನ್ನು ಬೆಳಕಿಗೆ ಸ್ಪಂದಿಸುವಂತೆ ಮಾರ್ಪಡಿಸಿದ ಇಲಿಗಳ ಸ್ಟ್ರಯೇಟಮ್‌ಗೆ ಬೆಳಕು ಹಾಯಿಸಿ ಬಳಸು ಪಥವನ್ನಷ್ಟೇ ಕೆಣಕಿದಾಗ ಇಲಿಗಳು ಸ್ತಬ್ಧವಾದವು. ನೇರ ಪಥವನ್ನು ಕೆಣಕಿದಾಗ ಓಡಾಟ ಹೆಚ್ಚಿತು.

ತೊಡಕು ಎದುರಾಗುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಒಳ ಪ್ಯಾಲಿಡಸ್ ಬ್ರೇಕೇ ಆಗಿದ್ದರೆ ಅದನ್ನು ಸುಟ್ಟುಹಾಕಿದ ಪಾರ್ಕಿನ್ಸನ್ ರೋಗಿಯಲ್ಲಿ ಅನೈಚ್ಛಿಕ ಕುಣಿತ ಹೆಚ್ಚಬೇಕು. ಆಗುವುದು ಇದಕ್ಕೆ ವಿರುದ್ಧ: ಎಲ್-ಡೋಪಾ ಚಿಕಿತ್ಸೆಯಿಂದ ಬಂದ ಕುಣಿತವೂ ತಗ್ಗುತ್ತದೆ. ಥಲಾಮಸ್‌ನ ಚಲನ ಭಾಗವನ್ನು ನಾಶಪಡಿಸಿದರೆ ರೋಗಿ ಇನ್ನಷ್ಟು ಮಂದವಾಗಬೇಕು, ಹಾಗೂ ಆಗುವುದಿಲ್ಲ. ಮಾರ್ಸ್‌ಡನ್ ಮತ್ತು ಒಬೆಸೊ 1994ರಲ್ಲಿ ಈ ವಿರೋಧಾಭಾಸವನ್ನು ಮುಂದಿಟ್ಟರು. ಅದಕ್ಕೆ ಸಿಗಬೇಕಾದ ಗಮನ ಪಠ್ಯಪುಸ್ತಕಗಳಲ್ಲಿ ಇಂದಿಗೂ ಸಿಕ್ಕಿಲ್ಲ ಎಂಬುದು ನನ್ನ ಎಣಿಕೆ. ಎರಡು ಪಥಗಳು ಸರದಿಯಂತೆ ಕೆಲಸ ಮಾಡುತ್ತವೆಂಬ ನಂಬಿಕೆಯೂ 2013ರಲ್ಲಿ ಅಲುಗಿತು. ಚಲನೆ ಆರಂಭವಾಗುವಾಗ ಇಲಿಯ ಸ್ಟ್ರಯೇಟಮ್‌ನಲ್ಲಿ ಎರಡೂ ಪಥಗಳ ಕೋಶಗಳು ಒಟ್ಟಿಗೇ ಮಿಡಿಯುತ್ತವೆಂದು ಕುಯಿ ಮತ್ತು ಸಂಗಡಿಗರು ತೋರಿಸಿದರು.

ಕಣ್ಣು ಮತ್ತು ಕೈಗಳ ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ನೋಡಬೇಕು. ಹಿಕೊಸಾಕ ಮತ್ತು ವುರ್ಟ್ಜ್ 1983ರಲ್ಲಿ ದಾಖಲಿಸಿದಂತೆ, ಕೋತಿ ದೃಷ್ಟಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹಾಯಿಸುವ ಮುನ್ನ ಈ ಜಾಲದ ಇನ್ನೊಂದು ಹೊರದ್ವಾರವಾದ ಸಬ್‌ಸ್ಟಾನ್ಷಿಯಾ ನೈಗ್ರಾದ ಕೆಲವು ಕೋಶಗಳು ಮಿಡಿಯುವುದನ್ನು ನಿಲ್ಲಿಸುತ್ತವೆ. ಅವುಗಳನ್ನು ಔಷಧದಿಂದ ತಣ್ಣಗಾಗಿಸಿದರೆ ಕೋತಿಗೆ ಕಣ್ಣನ್ನು ಒಂದೆಡೆ ನಿಲ್ಲಿಸಲಾಗುವುದಿಲ್ಲ. ಹಿಡಿತ ಸಡಿಲಿಸಿದರೆ ಚಲನೆ ಹೊರಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಆದರೆ ಇಲ್ಲಿ ಸಂಕೇತ ಹೋಗುವುದು ತೊಗಟೆಗಲ್ಲ, ಮಿದುಳಕಾಂಡದ ಸುಪೀರಿಯರ್ ಕಾಲಿಕ್ಯುಲಸ್‌ಗೆ. ಕೈಯ ವಿಷಯದಲ್ಲಿ ಹೀಗಿಲ್ಲ. ಡೆಸ್ಮುರ್ಜೆ ಮತ್ತು ಟರ್ನರ್ ಕೋತಿಗಳ ಒಳ ಪ್ಯಾಲಿಡಸ್ಸನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದಾಗ, ಗುರಿ ಕಂಡ ಮೇಲೆ ಕೈ ಹೊರಡಲು ಹಿಡಿಯುವ ಸಮಯ ಬದಲಾಗಲಿಲ್ಲ. ಚಲನೆ ನಿಧಾನವಾಯಿತು, ಗುರಿಗಿಂತ ಗಿಡ್ಡವಾಯಿತು. 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಚೆನ್ನಾಗಿ ಪಳಗಿದ ಚಲನಾಸರಣಿಯ ಕ್ರಮವೂ ಕೆಡಲಿಲ್ಲ. ಕಣ್ಣಿನ ಪುರಾವೆಯನ್ನು ಕೈಗೆ ಹಾಗೇ ವಿಸ್ತರಿಸಿದ್ದು ಅವಸರದ ಕೆಲಸ.

ರೋಗಿಗಳ ನಡೆಯೂ ಇದನ್ನೇ ಸೂಚಿಸುತ್ತದೆ. ಪಾರ್ಕಿನ್ಸನ್ ರೋಗಿ ಬರೆಯುತ್ತ ಹೋದಂತೆ ಅಕ್ಷರಗಳು ಕಿರಿದಾಗುತ್ತವೆ, ಆದರೆ ಅವುಗಳ ಆಕಾರ ಉಳಿದಿರುತ್ತದೆ. ಮಟ್ಸೋನಿ, ಹ್ರಿಸ್ತೋವಾ ಮತ್ತು ಕ್ರಾಕವರ್ 2007ರಲ್ಲಿ ರೋಗಿಗಳಿಗೆ ನಿರ್ದಿಷ್ಟ ವೇಗದಲ್ಲಿ ಕೈ ಚಾಚಲು ಹೇಳಿದರು. ಆ ವೇಗದಲ್ಲೂ ಅವರ ನಿಖರತೆ ಆರೋಗ್ಯವಂತರಷ್ಟೇ ಇತ್ತು. ಆದರೆ ಆ ವೇಗವನ್ನು ಮುಟ್ಟಲು ಅವರಿಗೆ ಹೆಚ್ಚು ಯತ್ನಗಳು ಬೇಕಾದವು. ಸಾಮರ್ಥ್ಯ ಹೋಗಿರಲಿಲ್ಲ, ಹುರುಪನ್ನು ನಿಗದಿಪಡಿಸುವ ಮಾಪನ ಕೆಳಗಿಳಿದಿತ್ತು. ಹೆಜ್ಜೆ ಕೀಳಲಾಗದೆ ನಿಂತ ರೋಗಿಯ ಮುಂದೆ ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ ಆತ ಅವನ್ನು ದಾಟುತ್ತ ನಡೆದುಬಿಡುತ್ತಾನೆಂದು ಪರ್ಡನ್ ಮಾರ್ಟಿನ್ 1967ರಲ್ಲಿ ವಿವರಿಸಿದ್ದರು. ಹೊರಗಿನ ಗುರುತು ಸಿಕ್ಕರೆ ತೊಗಟೆ ಬೇರೆ ದಾರಿಯಿಂದ ಕೆಲಸ ಸಾಗಿಸುತ್ತದೆ ಎಂಬುದು ಇದರ ಸಂಭವನೀಯ ಅರ್ಥ. ಅಡ್ಡಗೆರೆಯ ಉಪಾಯವನ್ನು ಇಂದಿನ ಫಿಸಿಯೋಥೆರಪಿ ಬಳಸುತ್ತದೆ, ಖರ್ಚೂ ಇಲ್ಲ.

ಹಾಗಾದರೆ ಪ್ಯಾಲಿಡಸ್ ಸುಟ್ಟರೆ ಲಕ್ಷಣಗಳು ತಗ್ಗುವುದು ಏಕೆ? ಮಾದರಿ ಎಣಿಸುವುದು ಮಿಡಿತದ ದರವನ್ನು ಮಾತ್ರ, ಲಯವನ್ನಲ್ಲ. ಡೋಪಮೈನ್ ಇಲ್ಲದಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮತ್ತು ಪ್ಯಾಲಿಡಸ್‌ಗಳ ಕೋಶಸಮೂಹಗಳು ಸೆಕೆಂಡಿಗೆ ಸುಮಾರು 13ರಿಂದ 30 ಬಾರಿಯ ಬೀಟಾ ಲಯದಲ್ಲಿ ಒಟ್ಟಾಗಿ ತೊನೆಯುತ್ತವೆ. ಎಲ್-ಡೋಪಾ ಕೊಟ್ಟಾಗ ಈ ಲಯ ತಗ್ಗುವುದನ್ನು ಪೀಟರ್ ಬ್ರೌನ್ ಮತ್ತು ಸಂಗಡಿಗರು 2001ರಲ್ಲಿ ರೋಗಿಗಳಲ್ಲೇ ದಾಖಲಿಸಿದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ 1987ರಲ್ಲಿ ಥಲಾಮಸ್‌ನಲ್ಲಿ ಆರಂಭಿಸಿ, ಆಮೇಲೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೂ ವಿಸ್ತರಿಸಿದ ವಿದ್ಯುತ್ ಉತ್ತೇಜನ ಸೆಕೆಂಡಿಗೆ ಸುಮಾರು 130 ಸ್ಪಂದನಗಳದ್ದು. ಅದೂ ಈ ಲಯವನ್ನು ಮುರಿಯುತ್ತದೆ. ಗೊಂದಲದ ಸಂಕೇತ ಕಳಿಸುವ ಕೇಂದ್ರಕ್ಕಿಂತ ಮೂಕವಾದ ಕೇಂದ್ರವೇ ಲೇಸು ಎಂಬ ವಿವರಣೆ 1994ರ ವಿರೋಧಾಭಾಸಕ್ಕೆ ಚೆನ್ನಾಗಿ ಹೊಂದುತ್ತದೆ. ಲಯವೇ ರೋಗಲಕ್ಷಣದ ಕಾರಣವೋ, ಅದರ ಜತೆಗಾರನೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಎರಡು ಪಥಗಳ ಅಂಗರಚನೆಯನ್ನು ಕೈಬಿಡಬೇಕಿಲ್ಲ. ಅದಕ್ಕೆ ಅಂಟಿಸಿದ ಅರ್ಥವನ್ನು ಬದಲಿಸಬೇಕು. ಬೆಳಕಿನಿಂದ ಒಂದು ಪಥದ ಕೋಶಗಳನ್ನೆಲ್ಲ ಏಕಕಾಲಕ್ಕೆ ಬಡಿದೆಬ್ಬಿಸುವುದು ಸಹಜ ಚಲನೆಯಲ್ಲಿ ನಡೆಯುವ ಸಂಗತಿಯಲ್ಲ. ಆದ್ದರಿಂದ ಇಲಿಗಳ ಆ ಪ್ರಯೋಗಗಳಿಂದ ಆ ಪಥ ಏನು ಮಾಡಬಲ್ಲದು ಎಂದು ತಿಳಿಯುತ್ತದೆಯೇ ಹೊರತು ದಿನನಿತ್ಯ ಏನು ಮಾಡುತ್ತಿದೆ ಎಂದಲ್ಲ. ಕೈ ಚಾಚುವ ಕೋತಿಯಲ್ಲಿ ಎರಡೂ ಪಥಗಳ ಮಿಡಿತವನ್ನು ಬೇರೆಬೇರೆಯಾಗಿ ಅಳೆದು, ಅದನ್ನು ಚಲನೆಯ ವೇಗದೊಡನೆ ಹೋಲಿಸುವವರೆಗೆ ‘ಬ್ರೇಕು’ ಎಂಬ ಹೆಸರನ್ನು ಪಾಠದಲ್ಲಿ ಊಹೆಯೆಂದೇ ಹೇಳಬೇಕು.